ಮಷೀನು ಕಟ್ಟಿದ ಊರು

ನಾನು ಪಾಠ ಹೇಳಿದ ಹುಡುಗಿಯೇ ನನಗೆ ಪಿಎಚ್‌.ಡಿ. ಗೈಡ್ ಆಗಿ ಬಂದಳು. ಬೀದರಿನ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಗುರುವಿಗೇ ತಿರುಮಂತ್ರ ಎಂದು ನಕ್ಕವರು ಕಡಿಮೆಯಿಲ್ಲ. ನಗಲಿ ಎಂದು ಬಿಟ್ಟೆ. ಐವತ್ತು ದಾಟಿದ ಮೇಲೆ ಓದಲು ಕುಳಿತ ಹೆಂಗಸು ನಗುವವರಿಗೆಲ್ಲ ಉತ್ತರ ಕೊಡುತ್ತ ಹೋದರೆ ಓದುವುದು ಯಾವಾಗ?

ಅವಳು ಭಾಲ್ಕಿಯವಳು. ತಂದೆಗೆ ಅಲ್ಲಿನ ಬಜಾರಿನಲ್ಲಿ ಬಟ್ಟೆ ಅಂಗಡಿ. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ನಮ್ಮಂತೆಯೇ ಕನ್ನಡ. ಡಿಪ್ಲೊಮಾದಲ್ಲಿ ನನ್ನ ಕೈಕೆಳಗೆ ಕಲಿಯುವಾಗ ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿ, ಉತ್ತರ ಹೇಳದೆ ಸುಮ್ಮನೆ ಕುಳಿತಿರುತ್ತಿದ್ದಳು. ಯಾಕ ಹೇಳಲಿಲ್ಲ ಎಂದು ಗದರಿದರೆ, "ಮತ್ತೊಂದ ಸಲ ನೋಡ್ಲಿಕತ್ತಿದ್ದೆ ಟೀಚರ್" ಎನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ನನ್ನದು ಮೂಗಿನ ತುದಿಯ ಸಿಟ್ಟು. ಉತ್ತರ ಬಂತೋ, ಹೇಳಿ ಮುಗಿಸಬೇಕು. ಈಗ ಅವಳು ಡಾಕ್ಟರೇಟು ಮುಗಿಸಿ ನಮ್ಮ ಕಾಲೇಜಿಗೇ ಬಂದಿದ್ದಳು. ದಿನಾ ಬೆಳಿಗ್ಗೆ ಭಾಲ್ಕಿಯಿಂದ ಬಸ್ಸಿಗೆ ಬರುವುದು, ಸಂಜೆ ಹೋಗುವುದು. ನಾಲ್ಕು ಜನರ ಮುಂದೆ ನಾನು ಅವಳನ್ನು ಮೇಡಂ ಎನ್ನುತ್ತಿದ್ದೆ, ಅವಳು ನನ್ನನ್ನು ಟೀಚರ್ ಎನ್ನುತ್ತಿದ್ದಳು. ಕೇಳಿದವರಿಗೆ ಯಾರು ಯಾರಿಗೆ ಕಲಿಸುತ್ತಿದ್ದಾರೆಂದು ಗೊತ್ತಾಗುತ್ತಿರಲಿಲ್ಲ.

ನಮ್ಮ ಕೆಲಸವೇನೆಂದು ಚರ್ಚಿನಲ್ಲಿ ಯಾರಾದರೂ ಕೇಳಿದರೆ ನಾನು ಹೇಳುತ್ತಿದ್ದುದು ಒಂದೇ ಮಾತು: "ಇಲ್ಲದ ಊರು ಕಟ್ತೇವ್ರಿ." ಅದು ತಮಾಷೆಯಲ್ಲ. ಒಂದು ಹಳ್ಳಿಯಲ್ಲಿ ಒಬ್ಬೊಬ್ಬ ಮನುಷ್ಯನಿಗೂ ಒಂದೊಂದು ಚುಕ್ಕಿ ಇಡಿ. ಒಡನಾಟ ಇರುವವರ ನಡುವೆ ಗೆರೆ ಎಳೆಯಿರಿ. ಅದೇ ಗ್ರಾಫ್. ಕೆಮ್ಮು ಒಬ್ಬರಿಂದ ಒಬ್ಬರಿಗೆ ಹೇಗೆ ಹರಡುತ್ತದೆ, ಲಸಿಕೆಯ ಸುದ್ದಿ ಎಲ್ಲಿ ನಿಂತುಹೋಗುತ್ತದೆ ಎಂದು ಲೆಕ್ಕ ಹಾಕುವವರಿಗೆ ಇಂಥ ಚಿತ್ರಗಳು ಬೇಕು. ಆದರೆ ನಿಜವಾದ ಊರಿನ ಚಿತ್ರವನ್ನು ಕಂಡಕಂಡವರ ಕೈಗೆ ಕೊಡುವಂತಿಲ್ಲ. ಯಾರ ಮನೆಗೆ ಯಾರು ಹೋಗುತ್ತಾರೆಂಬುದು ಅವರವರ ಗುಟ್ಟು. ಅದಕ್ಕೇ ಕಂಪ್ಯೂಟರಿಗೆ ನಿಜವಾದ ಊರುಗಳನ್ನು ತೋರಿಸಿ, ಡೀಪ್ ಲರ್ನಿಂಗ್ ಎಂಬ ವಿಧಾನದಿಂದ ಕಲಿಸಿ, ಅವುಗಳಂತೆಯೇ ಇರುವ, ಆದರೆ ಭೂಮಿಯ ಮೇಲೆ ಎಲ್ಲೂ ಇಲ್ಲದ ಊರುಗಳನ್ನು ಕಟ್ಟಿಸುವುದು. ನನ್ನ ಅವ್ವ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. "ಕೆಮ್ಮು ಮಾತಿನ ಬೆನ್ನ ಹತ್ತಿ ಹೋಗ್ತದ" ಎನ್ನುತ್ತಿದ್ದಳು. ನಾನು ಈ ವಿಷಯ ಹಿಡಿದದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣವೇನಿಲ್ಲ.

ಮೊದಲು ಮನ್ನಳ್ಳಿಯಲ್ಲಿ, ಆಮೇಲೆ ಔರಾದ ತಾಲೂಕಿನ ಚಿಂತಾಕಿಯಲ್ಲಿ ಕೇಳಿ ಬಂದೆವು. ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅಂಗನವಾಡಿಯ ಕಟ್ಟೆಯ ಮೇಲೆ ಕೂಡಿಸಿ, "ನೀವು ಯಾರ ಜೋಡಿ ಮಾತಾಡ್ತೀರಿ, ಯಾರ ಜೋಡಿ ಕೆಲಸಕ್ಕ ಹೋಗ್ತೀರಿ" ಎಂದು ಕೇಳಿದ್ದಾಯಿತು. ಮಷೀನು ಕಲಿಯಿತು. ಅದು ಕಟ್ಟಿದ ಮೊದಲನೆಯ ಊರನ್ನು ನೋಡಿ ನಾನು ಕುಣಿಯುವುದೊಂದು ಬಾಕಿ. ಯಾರಿಗೆಷ್ಟು ಗೆಳತಿಯರು, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ದೂರ, ಎಲ್ಲ ಲೆಕ್ಕವೂ ನಿಜವಾದ ಊರಿಗೆ ಹೊಂದುತ್ತಿತ್ತು.

ಅವಳು ಪರದೆಯನ್ನು ಬಹಳ ಹೊತ್ತು ನೋಡಿದಳು.

"ಟೀಚರ್, ಈ ಊರಾಗ ಯಾರೂ ಕೂಡಿ ಕುಂತಿಲ್ಲರಿ."

"ಗೆರಿ ಅವ ಅಲ್ಲೇನವ್ವಾ ಇಷ್ಟೊಂದು?"

"ಗೆರಿ ಇಬ್ಬರ ನಡುವ ಇರ್ತದ. ಮೂರು ಮಂದಿ ಕೂಡಿದ್ದು ಗೆರಿಯೊಳಗ ಕಾಣಂಗಿಲ್ಲ."

ಆಗ ನನಗೆ ತಿಳಿಯಲಿಲ್ಲ. ಮನೆಗೆ ಹೋಗಿ ಚಹಾ ಕುಡಿಯುವಾಗ ತಿಳಿಯಿತು. ನಮ್ಮ ಮನೆಯಲ್ಲೇ ನೋಡಿ: ನಾನು, ನಮ್ಮ ಅತ್ತೆ, ನನ್ನ ನಾದಿನಿ. ನಾನೂ ಅತ್ತೆಯೂ ಕುಳಿತರೆ ನಾದಿನಿಯ ಮಾತು. ಅತ್ತೆಯೂ ನಾದಿನಿಯೂ ಕುಳಿತರೆ ನನ್ನ ಮಾತು. ನಾನೂ ನಾದಿನಿಯೂ ಕುಳಿತರೆ ಏನೆಂದು ಹೇಳಬೇಕಾಗಿಲ್ಲ. ಮೂವರೂ ಕೂಡಿದೆವೋ, ಬಾಯಿಗೆ ಬೀಗ. ಗೆರೆ ಎಳೆದರೆ ಮೂರೂ ಗೆರೆ ಸೇರಿ ಚಂದದ ತ್ರಿಕೋನ. ಆದರೆ ಆ ತ್ರಿಕೋನದೊಳಗೆ ಒಂದು ಗುಟುಕು ಚಹಾದಷ್ಟೂ ಮಾತಿಲ್ಲ. ಇನ್ನೊಂದು ಮನೆಯಲ್ಲಿ ಅದೇ ಮೂರು ಗೆರೆ, ಮೂವರೂ ಕೂಡಿ ರೊಟ್ಟಿ ಬಡಿಯುತ್ತ ನಗುತ್ತಿರುತ್ತಾರೆ. ಎರಡೂ ಒಂದೇ ಚಿತ್ರ. ಇಬ್ಬಿಬ್ಬರ ಲೆಕ್ಕಕ್ಕಿಂತ ಮೇಲಿನ ಈ ಕೂಟವನ್ನೇ ನಮ್ಮ ವಿಷಯದಲ್ಲಿ ಹೈಯರ್ ಆರ್ಡರ್ ಎನ್ನುವುದು. ಪುಸ್ತಕದಲ್ಲಿ ನಾನು ಅದನ್ನು ಎಷ್ಟೋ ಸಲ ಓದಿದ್ದೆ; ಅವಳು ಒಂದೇ ನೋಟಕ್ಕೆ ಅದರ ಕೊರತೆಯನ್ನು ಕಂಡಳು. ನನಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಮಳೆಗಾಲಕ್ಕೆ ಮತ್ತೆ ಚಿಂತಾಕಿಗೆ ಹೋದೆವು. ಈ ಸಲ ಕಟ್ಟೆ ಬಿಟ್ಟು ಹೊಲಕ್ಕೇ ನಡೆದೆವು. ಅಲ್ಲಿ ಇನ್ನೂ ಮುಯ್ಯಾ ಉಳಿದಿದೆ. ಇವತ್ತು ನಿಮ್ಮ ಹೊಲಕ್ಕೆ ನಾವೆಲ್ಲ ಕೂಡಿ ಬಂದು ಕಳೆ ತೆಗೆಯುತ್ತೇವೆ, ನಾಳೆ ನೀವೆಲ್ಲ ನಮ್ಮ ಹೊಲಕ್ಕೆ, ಕೂಲಿಯ ಮಾತಿಲ್ಲ. ಈ ಋಣ ಒಬ್ಬರಿಗೊಬ್ಬರದಲ್ಲ, ಇಡೀ ಗುಂಪಿನದು. ಜ್ವರ ಬಂದರೆ ತನ್ನ ಬದಲಿಗೆ ಮನೆಯ ಇನ್ನೊಬ್ಬಳನ್ನು ಕಳಿಸಬೇಕು. ನಮಗೆ ಬೇಕಾದದ್ದು ಇದೇ. "ಯಾರ ಜೋಡಿ" ಎಂದು ಕೇಳುವುದು ಬಿಟ್ಟು ಅವಳು, "ಇಲ್ಲಿ ಕುಂತವರು ಯಾರ್ಯಾರು, ಹಿಂಗ ಮತ್ತ ಎಲ್ಲೆಲ್ಲಿ ಕೂಡ್ತೀರಿ" ಎಂದು ಕೇಳತೊಡಗಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೂ ಸೋಯಾ ಸಾಲಿಗೆ ಇಳಿದಳು. ಬಟ್ಟೆ ಅಂಗಡಿಯವರ ಮಗಳು. ಕಳೆಯೊಂದಿಗೆ ಎರಡು ಸೋಯಾ ಗಿಡವನ್ನೂ ಕಿತ್ತಳು. ಹೆಂಗಸರು ನಕ್ಕರು, ಮಾತು ಸಲೀಸಾಯಿತು.

ಒಂದು ಹೊಲದಲ್ಲಿ ಐದು ಜನ ಕುಳಿತಿದ್ದರು. ಅವರಲ್ಲಿ ಇಬ್ಬರು ಅಕ್ಕ ತಂಗಿ. ಒಂದೇ ಊರಿನ ಎರಡು ಮನೆಗಳಿಗೆ ಕೊಟ್ಟಿದ್ದರಂತೆ. ಆಮೇಲೆ ಆ ಎರಡು ಮನೆಗಳಿಗೆ ಬದುವಿನ ಜಗಳ ಹತ್ತಿ, ನೀರೂ ಬೆಂಕಿಯೂ ನಿಂತುಹೋಗಿತ್ತು. ಅಕ್ಕತಂಗಿಯರು ದಾರಿಯಲ್ಲಿ ಎದುರಾದರೂ ಮುಖ ತಿರುಗಿಸಿ ಹೋಗಬೇಕೆಂದು ಎರಡೂ ಮನೆಯವರ ಕಟ್ಟಪ್ಪಣೆ. ಅವರು ಹಾಗೆಯೇ ಹೋಗುತ್ತಿದ್ದರು. ಮೊದಲ ಸಲ ಕಟ್ಟೆಯ ಮೇಲೆ ಒಬ್ಬೊಬ್ಬರನ್ನೇ ಕೇಳಿದಾಗ ಇವಳು ಅವಳ ಹೆಸರೆತ್ತಿರಲಿಲ್ಲ, ಅವಳು ಇವಳ ಹೆಸರೆತ್ತಿರಲಿಲ್ಲ. ಸುಳ್ಳಲ್ಲ ಅದು, ಅವರಿಬ್ಬರೇ ಎಂದೂ ಕೂಡುತ್ತಿರಲಿಲ್ಲ. ಐವರೂ ಸೇರಿದಾಗ ಮಾತ್ರ, ಊರಿನಿಂದ ದೂರದ ಮೂರನೆಯವರ ಹೊಲದಲ್ಲಿ, ಒಂದೇ ಸಾಲಿನಲ್ಲಿ ಕುಳಿತು ಮಾತಾಡುತ್ತಿದ್ದರು. ಉಳಿದ ಮೂವರು ಈ ವಿಷಯವನ್ನು ಊರಿಗೆ ಒಯ್ಯುತ್ತಿರಲಿಲ್ಲ. ಗಂಡಸರ್‍ಯಾರಾದರೂ ಆ ಕಡೆ ಬಂದರೆ ಅವರಲ್ಲೊಬ್ಬಳು ಎದ್ದು ಅಕ್ಕತಂಗಿಯರ ನಡುವೆ ಬಂದು ಕೂರುತ್ತಿದ್ದಳು.

ಎಲ್ಲ ಹೇಳಿದ ಮೇಲೆ ತಂಗಿಗೆ ಹೆದರಿಕೆ ಹತ್ತಿತು. ಮಣ್ಣಿನ ಕೈಯಲ್ಲೇ ನನ್ನ ಗೈಡ್‌ಳ ಮುಂಗೈ ಹಿಡಿದಳು.

"ಇದು ನಮ್ಮನಿ ತನಕ ಹೋಗಂಗಿಲ್ಲಲ್ರಿ ಬಾಯಾರ? ಹೋದ್ರ ನನಗ ಹೊಲ ಬಿಡಸ್ತಾರ. ನಮ್ಮಕ್ಕನ ಮಾರಿ ನೋಡೋದೂ ಬಂದ್ ಆಗ್ತದ."

"ಹೋಗಂಗಿಲ್ಲಕ್ಕಾ. ನಾ ಮಾತ ಕೊಡ್ತೇನಿ" ಎಂದಳು ನನ್ನ ಗೈಡ್.

ಹೆಸರುಗಳನ್ನು ಅಲ್ಲಿಯೇ ಅಳಿಸಿ ಅಂಕಿ ಹಾಕಿದೆವು. ಕೊಟ್ಟ ಮಾತು ಅಲ್ಲಿಗೆ ಮುಗಿಯಿತೆಂದು ನಾನು ತಿಳಿದೆ.

ಮಷೀನಿನ ಹೊಸ ಮಾಡೆಲ್ಲಿಗೆ ಅವಳು ಓಡಿಸಿದ ತಲೆಯನ್ನು ನಾನು ಬಣ್ಣಿಸಲಾರೆ. ಹಳೆಯದು ಒಂದೊಂದೇ ಗೆರೆ ಎಳೆಯುತ್ತಿತ್ತು. ಇದು ಮೊದಲು ಒಂದು ಗುಂಪನ್ನು ಇಡಿಯಾಗಿ ಕೂಡಿಸುತ್ತಿತ್ತು. ಆಮೇಲೆ ಈ ಗುಂಪಿನಲ್ಲಿ ಯಾರು ಇನ್ನೊಂದು ಗುಂಪಿಗೂ ಸೇರಿದವರು, ಎರಡು ಗುಂಪು ಎಲ್ಲಿ ಒಂದರ ಮೇಲೊಂದು ಬರುತ್ತವೆ ಎಂದು ಕಲಿಯುತ್ತಿತ್ತು. ಕೋಡ್ ಬರೆದದ್ದು ನಾನೇ, ಸುಳ್ಳೇಕೆ. ಆದರೆ ಬುದ್ಧಿ ಅವಳದು. ಒಂದು ಮಧ್ಯಾಹ್ನ ಪರದೆಯ ಮೇಲೆ ಅದು ಕಟ್ಟಿದ ಊರುಗಳು ಒಂದೊಂದಾಗಿ ಮೂಡಿದವು. ಜನ ಕೂಡಿದ್ದರು. ಅಲ್ಲಿ ಮೂವರು, ಇಲ್ಲಿ ಆರು ಜನ, ಒಬ್ಬಳು ಎರಡು ಕಡೆ, ಯಾವುದಕ್ಕೂ ಸೇರದವನೊಬ್ಬ ಮೂಲೆಯಲ್ಲಿ. ಎದೆ ತುಂಬಿ ಬಂತು. ನಿಜವಾದ ಊರಿಗೆ ಎಷ್ಟು ಹೊಂದುತ್ತದೆಂದು ಅಳೆಯುವ ಅಂಕಗಳು ನಾವು ಓದಿದ ಯಾವ ಮಾಡೆಲ್ಲಿಗೂ ಕಡಿಮೆಯಿರಲಿಲ್ಲ. ಅವಳು ಬರೆದ ಪ್ರಬಂಧ ವಿದೇಶದ ಒಂದು ಸಮ್ಮೇಳನಕ್ಕೆ ಆಯ್ಕೆಯಾಯಿತು, ಪಾಸ್‌ಪೋರ್ಟಿಗೆ ಓಡಾಡಿದಳು. ನನ್ನ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ತಿಂಗಳ ಕೊನೆಗೆ ಥೀಸಿಸ್ ಒಪ್ಪಿಸಬೇಕು, ಇಲ್ಲವಾದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಥೀಸಿಸ್ಸಿನ ಜೊತೆಗೆ ಮಷೀನು ಕಟ್ಟಿದ ಊರುಗಳನ್ನೂ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಇಂಟರ್ನೆಟ್ಟಿಗೆ ಹಾಕುವುದಿತ್ತು. ನಾನು ಸ್ಟಾಫ್ ರೂಮಿಗೆಲ್ಲ ಪೇಢೆ ಹಂಚಿದೆ.

ಪೇಢೆ ತಿನ್ನದವಳು ಅವಳೊಬ್ಬಳೇ. ಊರುಗಳನ್ನು ಮತ್ತೊಂದು ಸಲ ನೋಡುತ್ತಿದ್ದಳು.

ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ ಕೇಳಿದಳು: "ಇದು ಯಾರ್ರಿ ಟೀಚರ್?"

ಅಂಕಿಯೂ ಇರಲಿಲ್ಲ, ಬರೀ ಚುಕ್ಕಿ. ಎರಡು ಮನೆತನದಂತೆ ಎರಡು ದೊಡ್ಡ ಗುಂಪು, ನಡುವೆ ಬಯಲು, ಬಯಲಲ್ಲಿ ಐದು ಚುಕ್ಕಿಯ ಒಂದೇ ಕೂಟ, ಅದರಲ್ಲಿ ಒಂದು ಈ ಮನೆಯದು, ಒಂದು ಆ ಮನೆಯದು.

"ಚಿಂತಾಕಿ ಅಕ್ಕ ತಂಗಿ ಅಲ್ಲೇನವ್ವಾ" ಎಂದುಬಿಟ್ಟೆ.

"ಇದು ಚಿಂತಾಕಿ ಅಲ್ಲರಿ. ಮಷೀನ್ ಕಟ್ಟಿದ ಊರು." ಇನ್ನೊಂದು ಊರು ತೆರೆದಳು. ಅದರಲ್ಲೂ ಅವರೇ. ಮತ್ತೊಂದು. ಅಲ್ಲೂ ಅವರೇ. "ಇದು ಕಲ್ತಿಲ್ಲ ಟೀಚರ್, ಬಾಯಿಪಾಠ ಮಾಡ್ಯದ."

ಬಾಯಿಪಾಠದ ಹುಡುಗರನ್ನು ನಾನು ಜೀವಮಾನವಿಡೀ ಕಂಡವಳು. ಲೆಕ್ಕ ಅರ್ಥವಾಗದವನು ಪುಸ್ತಕದ ಲೆಕ್ಕವನ್ನೇ ಅಂಕಿ ಸಮೇತ ಒಪ್ಪಿಸುತ್ತಾನೆ, ಮಾರ್ಕ್ಸೂ ಬೀಳುತ್ತವೆ. ಅಂಥ ಆಕಾರ ನಾವು ತೋರಿಸಿದ ಊರುಗಳಲ್ಲಿ ಒಂದೇ ಒಂದು ಇತ್ತು. ಒಂದೇ ಇದ್ದುದರಿಂದ ಮಷೀನು ಅದನ್ನು ಅರಗಿಸಿಕೊಳ್ಳದೆ ನುಂಗಿ, ಹಾಗೆಯೇ ಕಕ್ಕುತ್ತಿತ್ತು. ನಮ್ಮ ಚಂದದ ಅಂಕಗಳಲ್ಲಿ ಎಷ್ಟೋ ಪಾಲು ಇಂಥ ಬಾಯಿಪಾಠದ್ದೇ.

"ಹೆಸರಿಲ್ಲ, ಊರಿಲ್ಲ. ಯಾರಿಗೆ ಗೊತ್ತಾಗ್ತದ?" ಎಂದೆ.

"ನಿಮಗ ಗೊತ್ತಾತಲ್ರಿ."

"ನಾನು ಆ ಹೊಲಕ್ಕ ಹೋದಾಕಿ."

"ಆ ಊರಾಗ ಹುಟ್ಟಿದವರಿಗೆ ಇನ್ನೂ ಜಲ್ದಿ ಗೊತ್ತಾಗ್ತದ. ಚಿಂತಾಕಿ ಹುಡುಗರೂ ಇಂಜಿನಿಯರಿಂಗ್ ಓದ್ತಾರ ಟೀಚರ್. ಒಬ್ಬ ತೆರದ್ರ ಸಾಕು. ನಕ್ಕೋ ಟೀಚರ್, ಬ್ಯಾಡ, ಇದು ಹೊರಗ ಹೋಗಂಗಿಲ್ಲ. ನಾ ಸಹಿ ಹಾಕಂಗಿಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಏನೆಂದು ಆವತ್ತು ತಿಳಿಯಿತು. ಬಾಯಿಗೆ ಬಂದದ್ದು ಅಂದೆ. ನಿನಗೆ ಪಾಠ ಹೇಳಿದವಳು ನಾನು, ನೀನು ಇನ್ನೂ ಚಿಕ್ಕವಳು, ನಿನ್ನ ಮುಂದೆ ವರ್ಷಗಳಿವೆ, ನನ್ನ ಮುಂದೆ ಇರುವುದು ರಿಟೈರ್‌ಮೆಂಟು ಎಂದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದಳು.

ಮರುದಿನ ರಜೆ. ಸಿಟ್ಟು ಇಳಿದಿರಲಿಲ್ಲ, ಜಗಳ ಮುಗಿಸಿಯೇ ಬರುತ್ತೇನೆಂದು ಭಾಲ್ಕಿಯ ಬಸ್ಸು ಹತ್ತಿದೆ. ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದರೆ ನಾನು ಒಳಗೆ ಕುಳಿತು ಬೈಗುಳ ಹೊಂದಿಸಿಕೊಳ್ಳುತ್ತಿದ್ದೆ. ಬಾಗಿಲು ತೆಗೆದ ಅವಳ ಅಮ್ಮಿ, "ಆವೋ ಟೀಚರಮ್ಮಾ" ಎಂದು ಕೈ ಹಿಡಿದು ಒಳಗೆ ಕರೆದು, ಮಾತಿಗೆ ಮೊದಲು ಖಿಚಡಿ ಬಡಿಸಿ ಮುಂದಿಟ್ಟರು. ಉಣ್ಣುತ್ತ ಜಗಳವಾಡುವುದು ನನಗೆ ಬಾರದು. ಅವಳು ಎದುರು ಕುಳಿತಳು. ಕಣ್ಣು ಊದಿದ್ದವು.

"ಮುಂಜಾನಿನೇ ಸಮ್ಮೇಳನದವರಿಗೆ ಬರ್ದೇನಿ ಟೀಚರ್. ನನ್ನ ಪ್ರಬಂಧ ವಾಪಸ್ ತಗೊಂಡೆ. ಮೊದಲ ನಂದು ತಗದು, ಆಮ್ಯಾಗ ನಿಮ್ಮ ಮನಿಗಿ ಬಂದು ನಿಮ್ಮದು ಕೇಳೋಣಂತ ಇದ್ದೆ. ನೀವೇ ಬಂದ್ರಿ."

ತುತ್ತು ಕೈಯಲ್ಲೇ ಉಳಿಯಿತು. ಅವರ ಮನೆತನದಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ಇವಳ ಹೆಸರು ಬಂದ ಸುದ್ದಿಯನ್ನು ಇವಳ ಅಬ್ಬಾ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದ್ದರಂತೆ. ಅಮ್ಮಿಗೆ ಇದೆಲ್ಲ ತಿಳಿದಿತ್ತೋ ಇಲ್ಲವೋ, "ಇನ್ನಷ್ಟು ಹಾಕಲಾ" ಎಂದು ಸೌಟು ಹಿಡಿದು ನಿಂತಿದ್ದರು. ನಾನು ಹೊಂದಿಸಿಕೊಂಡು ಬಂದಿದ್ದ ಬೈಗುಳವನ್ನೆಲ್ಲ ಬಿಟ್ಟು, "ಹಾಕ್ರಿ" ಎಂದೆ. ಆ ಕ್ಷಣದಿಂದ ಅವಳ ಮೇಲೆ ನನಗಿರುವ ಗೌರವಕ್ಕೆ ನಾನು ಬೇರೆ ಹೆಸರು ಹುಡುಕಿಲ್ಲ. ಅವಳು ನನ್ನ ಗುರು.

ಅವಳು ಯುನಿವರ್ಸಿಟಿಗೆ ಹೋಗಿ, ದಿನವಿಡೀ ಆಫೀಸಿನ ಮುಂದಿನ ಬೆಂಚಿನ ಮೇಲೆ ಕುಳಿತು, ನನಗೆ ಕೊನೆಯದಾಗಿ ಇನ್ನಾರು ತಿಂಗಳು ಬಿಡಿಸಿಕೊಂಡು ಬಂದಳು. ಕೆಲಸ ಮತ್ತೆ ಮೊದಲಿನಿಂದ. ಈಗ ಮಷೀನಿಗೆ ಅವಳಿಟ್ಟ ಪರೀಕ್ಷೆ ಹೀಗಿತ್ತು: ಅಕ್ಕತಂಗಿಯರದಂಥ ಒಂದು ಕೂಟವನ್ನು ಪೂರ್ತಿ ಮರೆಮಾಡಿ ಕಲಿಸುವುದು, ಅದನ್ನು ನೋಡದೆಯೇ ಅಂಥದೊಂದು ಕೂಟವನ್ನು ಮಷೀನು ತಾನಾಗಿ ಕಟ್ಟಿದರೆ ಅದು ಕಲಿತದ್ದು. ನೋಡಿದಾಗ ಮಾತ್ರ ಕಟ್ಟಿದರೆ ಅದು ಕದ್ದದ್ದು, ಅದನ್ನು ಎಸೆಯುವುದು. ಮುನಿದ ಮನೆಗಳ ನಡುವೆ ಜನ ಹೇಗೆ ಹೇಗೆ ಕೂಡುತ್ತಾರೆಂದು ತಿಳಿಯಲು ಬೇರೆ ಬೇರೆ ಹಳ್ಳಿಗಳಿಗೆ ಅಲೆದೆವು. ಎಲ್ಲ ಕಡೆಯೂ ಅಂಥ ಕೂಟವಿತ್ತು, ಎಲ್ಲೂ ಒಂದರಂತೆ ಒಂದಿರಲಿಲ್ಲ. ಹೊಲಿಗೆ ಕಲಿಯುವಲ್ಲಿ ಮೂವರು, ಹಿಟ್ಟಿನ ಗಿರಣಿಯ ಸರತಿಯಲ್ಲಿ ನಾಲ್ವರು. ಅಂಕಗಳು ಇಳಿದವು. ಇಳಿದದ್ದನ್ನು ಇಳಿದ ಹಾಗೆಯೇ ಬರೆಯಿಸಿದಳು. ಥೀಸಿಸ್ಸಿನ ಮೌಖಿಕ ಪರೀಕ್ಷೆಗೆ ಬಂದ ಹಿರಿಯರೊಬ್ಬರು ಬೇರೆಯವರ ಮಾಡೆಲ್ಲಿಗಿಂತ ನಿಮ್ಮ ಅಂಕ ಯಾಕೆ ಕಡಿಮೆ ಎಂದು ಕೇಳಿದಾಗ, ನಾನು ಗಟ್ಟಿಯಾಗಿ, "ನಮ್ಮದು ಕಾಪಿ ಹೊಡೆಯುವುದಿಲ್ಲ ಸರ್" ಎಂದೆ. ಡಿಗ್ರಿ ಬಂತು.

ಆಮೇಲೊಂದು ದಿನ ಇಬ್ಬರೂ ಔರಾದಿನ ಬಸ್ಸು ಹಿಡಿದು ಚಿಂತಾಕಿಗೆ ಹೋದೆವು. ಮಾತು ಕೊಟ್ಟವಳು ಹೋಗಿ ಹೇಳಿ ಬರಬೇಕೆಂದು ಅವಳ ಹಟ. ಐವರೂ ಒಂದು ಉದ್ದಿನ ಹೊಲದಲ್ಲಿ ಸಾಲು ಹಿಡಿದು ಕಾಯಿ ಬಿಡಿಸುತ್ತಿದ್ದರು. ತಂಗಿ ನಮ್ಮನ್ನು ಕಂಡೊಡನೆ ಎದ್ದು ಬಂದಳು.

"ನಾ ಅದೀನೇನ್ರಿ ಆ ಮಷೀನ್‌ದಾಗ?"

"ಇಲ್ಲಕ್ಕಾ. ತಗದೇವಿ. ಇನ್ನ ಯಾರೂ ನಿನಗ ಗುರ್ತ ಹಿಡಿಯಂಗಿಲ್ಲ."

ಅವಳ ಮುಖ ಹಗುರಾಗುತ್ತದೆಂದು ಕಾದೆ. ಒಂದು ಗಳಿಗೆ ಹಗುರಾಗಿ, ಮತ್ತೆ ಮುದುಡಿತು.

"ನಾ ಇಲ್ಲಂದ್ರ ಹ್ಯಾಂಗ್ರಿ ಬಾಯಾರ? ಅಲ್ಲಿ ನಮ್ಮಕ್ಕನ ಜೋಡಿ ಯಾರ ಕುಂಡ್ರತಾರ?"

ಆರು ತಿಂಗಳು ನಾವು ಬಡಿದಾಡಿದ್ದು ಈ ಪ್ರಶ್ನೆಗೇ ಎಂದು ನನಗೆ ಆಗಲೂ ಹೊಳೆಯಲಿಲ್ಲ. ನನ್ನ ಗೈಡ್ ಬದುವಿನ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು. ಮಷೀನು ಹೊಸದಾಗಿ ಕಟ್ಟಿದ ಒಂದು ಊರನ್ನು ತೆರೆದು, ಬಿಸಿಲು ಬೀಳದಂತೆ ಸೆರಗು ಅಡ್ಡ ಹಿಡಿದಳು.

"ಇಲ್ನೋಡಕ್ಕಾ. ಇದು ಎಲ್ಲೂ ಇಲ್ಲದ ಊರು. ಈ ಮನಿಯವರಿಗೂ ಆ ಮನಿಯವರಿಗೂ ಮಾತಿಲ್ಲ. ಆದ್ರ ಈ ಮೂರು ಮಂದಿ ಕೂಡ್ಯಾರ. ಈಕಿ ಈ ಮನಿಯಾಕಿ, ಈಕಿ ಆ ಮನಿಯಾಕಿ. ನೀ ಅಲ್ಲ, ನಿಮ್ಮಕ್ಕ ಅಲ್ಲ. ಮಷೀನ್ ತಾನೇ ಕೂಡಿಸ್ಯದ."

ತಂಗಿ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗಿ, ಆ ಹೊಲಕ್ಕೆಲ್ಲ ಕೇಳುವಂತೆ, "ಅಕ್ಕಾ, ಬಾ ಇಲ್ಲಿ" ಎಂದು ಕೂಗಿದಳು. ಅಕ್ಕ ಮಡಿಲಿನ ಕಾಯಿ ಸುರಿದು ಬಂದಳು. ತಂಗಿ ಎಲ್ಲವನ್ನೂ ಅವಳಿಗೆ ತನ್ನ ಮಾತಿನಲ್ಲಿ ಹೇಳಿದಳು. ಅಕ್ಕ ಆ ಮೂರು ಚುಕ್ಕಿಗಳನ್ನು ನೋಡಿ, ಮುಟ್ಟಲು ಕೈ ಚಾಚಿ, ಕೈಗೆ ಮಣ್ಣಾಗಿದೆಯೆಂದು ಹಿಂದಕ್ಕೆ ತೆಗೆದುಕೊಂಡಳು.

"ಹಂಗಾದ್ರ ಇವರಿಗೂ ಯಾರದರ ಒಂದ ಹೊಲ ಸಿಕ್ಕಿರಬೇಕು ಬಿಡು" ಎಂದಳು.

ನನ್ನ ಗೈಡ್ ಸೆರಗನ್ನು ಪರದೆಯ ಮೇಲಿಂದ ತೆಗೆದು ಕಣ್ಣಿಗೆ ಒತ್ತಿಕೊಂಡಳು. ಅಕ್ಕತಂಗಿಯರಿಬ್ಬರೂ ಹೋಗಿ ಮತ್ತೆ ಸಾಲು ಹಿಡಿದರು, ಒಬ್ಬಳ ಪಕ್ಕ ಒಬ್ಬಳು.